ಕೇಳುವುದನ್ನು ಬಿಡಬೇಡಿ, ಟೀಚರೇ

ಪ್ರಶ್ನೆ: ಅಯ್ಯನವರೇ, ನನಗೆ 68 ವರ್ಷ. ಉಡುಪಿ ಹತ್ತಿರದ ಒಂದು ಶಾಲೆಯಲ್ಲಿ 31 ವರ್ಷ ಟೀಚರ್ ಆಗಿದ್ದೆ. ನಮ್ಮವರು ತೀರಿಕೊಂಡು, ಕರ್ತನಲ್ಲಿ ನಿದ್ರೆಹೋಗಿ ಎರಡು ವರ್ಷವಾಯಿತು. ಮಗ ದುಬೈಯಲ್ಲಿ, ಮಗಳು ಬೆಂಗಳೂರಿನಲ್ಲಿ. ಈಗೀಗ ಬೈಬಲ್ ತೆರೆದರೆ ಅಕ್ಷರ ಕಾಣುತ್ತದೆ, ಮನಸ್ಸಿಗೆ ಏನೂ ತಾಗುವುದಿಲ್ಲ. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ರೆ ಇಲ್ಲ. ಪ್ರಾರ್ಥಿಸಲು ಕೂತರೆ ಮಾತು ಬರುವುದಿಲ್ಲ. ನಮ್ಮ ಸಭೆಯ ಕ್ವಾಯರ್‌ನಲ್ಲಿ 40 ವರ್ಷ ಆಲ್ಟೊ, ಅಂದರೆ ಹೆಂಗಸರ ತಗ್ಗು ದನಿಯ ಭಾಗ, ಹಾಡಿದವಳು ನಾನು. ಈಗ ಡ್ರಮ್ಸ್, ಗಿಟಾರು, ಪರದೆಯ ಮೇಲೆ ಹೊಸ ಹೊಸ ಹಾಡು. ಮಕ್ಕಳು ಒಳ್ಳೆಯ ಮನಸ್ಸಿನಿಂದಲೇ, “ಆಂಟಿ, ನೀವು ಇನ್ನು ಆರಾಮಾಗಿ ಕೂತುಕೊಳ್ಳಿ” ಅನ್ನುತ್ತಾರೆ. ಪ್ರಾಯ ಹೋದರೂ ಮನಸ್ಸು ಎಳೆಯದಾಗಿರಬೇಕು ಎಂದು ಎಲ್ಲರೂ ಹೇಳುತ್ತಾರೆ. ಅದು ಹೇಗೆ? ಪ್ರಾರ್ಥನೆಯಲ್ಲಿ ಏನೂ ಅನ್ನಿಸದಿರುವುದು ಪಾಪವೇ? ಇನ್ನೊಂದು ಸಣ್ಣ ಪ್ರಶ್ನೆ: ನಮ್ಮವರ ಹಾರ್ಮೋನಿಯಂ ಎರಡು ವರ್ಷದಿಂದ ಮುಚ್ಚಿಯೇ ಇದೆ. ಯಾರಿಗಾದರೂ ಕೊಟ್ಟುಬಿಡಲೇ?

ಉತ್ತರ: ಟೀಚರೇ, ಪಾಪವೇ ಎಂದು ಕೇಳಿದಿರಲ್ಲ, ಅದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಆ ಭಾರ ಹೊತ್ತುಕೊಂಡು ನೀವು ಉಳಿದದ್ದನ್ನು ಓದುವುದು ಬೇಡ. ಪಾಪವಲ್ಲ. ಬೈಬಲಿನಲ್ಲಿ ಎಲ್ಲಿಯೂ ಇಷ್ಟು ಅನ್ನಿಸಿದರೆ ಮಾತ್ರ ಪ್ರಾರ್ಥನೆ ಎಂಬ ಲೆಕ್ಕ ಇಲ್ಲ. ಕೀರ್ತನೆಗಳಲ್ಲಿ ಎಷ್ಟೋ ಏನೂ ಅನ್ನಿಸದವರ, ಇಲ್ಲವೇ ಅನ್ನಿಸಿದ್ದು ತಾಳಲಾರದವರ ಕೂಗು. ಮಾತು ಬಾರದಿದ್ದರೂ ನೀವು ಮೂರು ಗಂಟೆಗೆ ಎದ್ದು ಕೂತಿರಿ. ಆ ಕೂತದ್ದನ್ನು ದೇವರು ಪ್ರಾರ್ಥನೆಯ ಲೆಕ್ಕಕ್ಕೇ ಹಿಡಿದಿದ್ದಾನೆ ಎಂದು ನಾನು ನಂಬುತ್ತೇನೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ವಿಶ್ವಾಸ ಬತ್ತಿದೆ ಎಂದು ನೀವು ತಿಳಿದುಕೊಂಡಿದ್ದೀರಿ. ನನಗೆ ಅದರಲ್ಲಿ ಮುಖ್ಯವಾಗಿ ಕಂಡದ್ದು ದುಃಖ. ನಮ್ಮ ಮನೆಗಳ ಕುಟುಂಬ ಪ್ರಾರ್ಥನೆಯನ್ನು ಸ್ವಲ್ಪ ನೆನಪಿಸಿಕೊಳ್ಳಿ. ರಾತ್ರಿ ಊಟಕ್ಕೆ ಮುಂಚೆ ಯಜಮಾನರು ಅಧ್ಯಾಯ ಓದುತ್ತಿದ್ದರು, ನೀವು ಸಂಗೀತ, ಅಂದರೆ ನಮ್ಮ ಭಕ್ತಿಗೀತೆ, ಎತ್ತುತ್ತಿದ್ದಿರಿ, ಅವರು ಪ್ರಾರ್ಥಿಸುತ್ತಿದ್ದರು, ನೀವು ಆಮೆನ್ ಹೇಳುತ್ತಿದ್ದಿರಿ. ಇಷ್ಟು ವರ್ಷ ನಿಮ್ಮ ಪ್ರಾರ್ಥನೆ ಎರಡು ದನಿಯದು. ಈಗ ಒಂದು ದನಿ ನಿಂತಿದೆ. ಉಳಿದ ದನಿಗೆ ಎಲ್ಲಿ ಶುರು ಮಾಡಬೇಕು, ಎಲ್ಲಿ ಆಮೆನ್ ಹೇಳಬೇಕು ಎಂದು ಗೊತ್ತಾಗುತ್ತಿಲ್ಲ. ಇದಕ್ಕೆ ವಿಶ್ವಾಸದ ಕೊರತೆ ಎಂದು ಹೆಸರಿಟ್ಟು ನಿಮ್ಮನ್ನು ನೀವೇ ಶಿಕ್ಷಿಸಿಕೊಳ್ಳಬೇಡಿ.

ಶರೀರದ ಮಾತನ್ನೂ ಇಲ್ಲಿಯೇ ಆಡಿಬಿಡುತ್ತೇನೆ. ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ರೆ ಬಾರದಿರುವುದು, ಮೊದಲು ಇಷ್ಟವಾಗಿದ್ದ ಯಾವುದರಲ್ಲಿಯೂ ರುಚಿ ಇಲ್ಲದಿರುವುದು, ಇವು ಎರಡು ವಾರಕ್ಕಿಂತ ಹೆಚ್ಚು ಮುಂದುವರಿದರೆ ಡಾಕ್ಟರಿಗೆ ತೋರಿಸಬೇಕು. ಖಿನ್ನತೆ ಹಾಗೆಯೇ ಬರುತ್ತದೆ. ಥೈರಾಯಿಡ್ ಕಡಿಮೆಯಾದರೂ, ಬಿ12 ಜೀವಸತ್ವ ಕಡಿಮೆಯಾದರೂ ಮನಸ್ಸು ಮಂಕಾಗುತ್ತದೆ, ಮತ್ತು ಇವು ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುವಂಥವು. ಕಿವಿಯನ್ನೂ ಪರೀಕ್ಷೆ ಮಾಡಿಸಿ. ಪ್ರಸಂಗ ಅರ್ಧ ಕೇಳಿಸದೆ ಕೂತವರು ಎಷ್ಟೋ ಜನ ನನಗೆ ದೇವರ ವಾಕ್ಯ ತಾಗುವುದಿಲ್ಲ ಎಂದು ಅತ್ತದ್ದನ್ನು ನಾನು ನೋಡಿದ್ದೇನೆ. ಪ್ರವಾದಿ ಎಲೀಯನು ಜಾಲಿಗಿಡದ ಕೆಳಗೆ ಬಿದ್ದುಕೊಂಡು ಸಾವನ್ನು ಬೇಡಿದಾಗ ದೇವದೂತನು ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇಟ್ಟು ಎಬ್ಬಿಸಿದ. ತಿಂದು ಮಲಗಿದವನನ್ನು ಇನ್ನೊಮ್ಮೆ ಎಬ್ಬಿಸಿ ಇನ್ನೊಮ್ಮೆ ತಿನ್ನಿಸಿದ. ಮಾತುಕತೆ ಆಮೇಲೆ, ಹೋರೇಬ್ ಬೆಟ್ಟದಲ್ಲಿ. ನಮ್ಮ ಊರಿನಲ್ಲಿಯೂ ಹಿರಿಯರು ಶರೀರವನ್ನು ಕಡೆಗಣಿಸಿದವರಲ್ಲ. ಡಾ. ಈವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ಆಸ್ಪತ್ರೆ ಶುರು ಮಾಡಿದ್ದು ಸುವಾರ್ತೆಯ ಕೆಲಸವೆಂದೇ. ಪ್ರಾರ್ಥನೆ ಮಾಡುವವಳಿಗೆ ಮಾತ್ರೆ ಯಾಕೆ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಒಳಗೆ ಬಿಟ್ಟುಕೊಳ್ಳಬೇಡಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಮನಸ್ಸು ಎಳೆಯದಾಗಿರುವುದು. ನಾನು ನಿಮಗಿಂತ ಎಂಟು ವರ್ಷ ದೊಡ್ಡವನು. 36 ವರ್ಷ ಸಭಾಪಾಲಕನಾಗಿ ಮಂಗಳೂರು, ಉಡುಪಿ ಕಡೆಯ ಮನೆಗಳ ಜಗಲಿಯಲ್ಲಿ ಕೂತು ಮುದುಕರ ಮಾತು ಕೇಳಿದ್ದೇನೆ. ಎಳೆಯ ಮನಸ್ಸು ಎಂದರೆ ಜೀನ್ಸ್ ಹಾಕಿಕೊಳ್ಳುವುದು, ಯುವಕರ ಕ್ಯಾಂಪಿಗೆ ಹೋಗಿ ಚಪ್ಪಾಳೆ ತಟ್ಟುವುದು ಎಂದು ತಿಳಿದವರಿದ್ದಾರೆ. ಇಷ್ಟವಿದ್ದವರು ಮಾಡಲಿ. ಆದರೆ ನಾನು ನೋಡಿದವರಲ್ಲಿ ಯಾರ ಮನಸ್ಸು 90ರಲ್ಲಿಯೂ ಹಸಿರಾಗಿತ್ತೋ ಅವರೆಲ್ಲರಲ್ಲಿ ಒಂದು ಗುಣ ಇತ್ತು: ಅವರು ಕೇಳುತ್ತಿದ್ದರು. ನಮ್ಮ ಭಾಷೆಯಲ್ಲಿ ಕೇಳುವುದು ಎಂದರೆ ಆಲಿಸುವುದೂ ಹೌದು, ಬೇಡುವುದೂ ಹೌದು, ಗೊತ್ತಿಲ್ಲದ್ದನ್ನು ವಿಚಾರಿಸುವುದೂ ಹೌದು. ಅವರು ಮೂರನ್ನೂ ಬಿಟ್ಟಿರಲಿಲ್ಲ.

ಇದನ್ನು ನನಗೆ ಕಲಿಸಿದ್ದು ಮಂಗಳೂರಿನ ಒಬ್ಬ ಅಜ್ಜ. ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಆಗ ಅವರಿಗೆ 83, ನನಗೆ ಮೂವತ್ತೂ ಆಗಿರಲಿಲ್ಲ. ಹಾಸಿಗೆ ಹಿಡಿದ ಹಿರಿಯರ ಭೇಟಿಗೆ ಹೋದಾಗಲೆಲ್ಲ ನಾನು 23ನೆಯ ಕೀರ್ತನೆ ಓದುವುದು, ಚಿಕ್ಕ ಪ್ರಾರ್ಥನೆ ಮಾಡುವುದು, ಚಾ ಕುಡಿದು ಮುಂದಿನ ಮನೆಗೆ ಹೊರಡುವುದು. ಆ ದಿನವೂ ಪುಸ್ತಕ ತೆರೆದೆ. ಅಜ್ಜ ಕೈ ಎತ್ತಿದರು. “ಅಯ್ಯನವರೇ, ಅದು ನನಗೆ ಬಾಯಿಪಾಠ ಉಂಟು. ಗೊತ್ತಿಲ್ಲದ್ದು ಎಂತಾದರೂ ಓದಿ” ಅಂದರು. ನಾನು ತಬ್ಬಿಬ್ಬಾದೆ. ಕೈಗೆ ಸಿಕ್ಕಿದ ಹಬಕ್ಕೂಕನ ಪುಸ್ತಕ ಓದಿದೆ. ಅವರು ಕಣ್ಣು ಮುಚ್ಚಿ ಕೇಳಿದರು, ಮುಗಿದ ಮೇಲೆ ಎರಡು ಪ್ರಶ್ನೆ ಕೇಳಿದರು. ಒಂದಕ್ಕೆ ನನಗೆ ಉತ್ತರ ಗೊತ್ತಿರಲಿಲ್ಲ. ಮುಂದಿನ ವಾರ ಓದಿಕೊಂಡು ಹೋದೆ. ಹೀಗೆ ಏಳು ತಿಂಗಳು ನಡೆಯಿತು. ಸಾಯುವ ವಾರ ನಾವು ಜೆಕರ್ಯನ ಪುಸ್ತಕದ ಮಧ್ಯದಲ್ಲಿದ್ದೆವು. ಮುದುಕರಿಗೆ ಸಮಾಧಾನ ಹೇಳುವುದೇ ನನ್ನ ಕೆಲಸ ಎಂದು ನಾನು ತಿಳಿದಿದ್ದೆ. ಅವರಿಗೆ ಬೇಕಿದ್ದದ್ದು ಪಾಠ. ಅದಕ್ಕಿಂತ ಮುಂಚೆ ಎಷ್ಟು ಮನೆಗಳಲ್ಲಿ ನಾನು ಕೇಳದೆಯೇ 23ನೆಯ ಕೀರ್ತನೆ ಓದಿ ಎದ್ದು ಬಂದಿದ್ದೇನೋ ಎಂದು ಈಗಲೂ ನೋವಾಗುತ್ತದೆ.

ಯೆಹೋಶುವನ ಪುಸ್ತಕದ 14ನೆಯ ಅಧ್ಯಾಯದ ಕಾಲೇಬನನ್ನು ನೀವು ಭಾನುವಾರ ಶಾಲೆಯಲ್ಲಿ ಎಷ್ಟೋ ಸಲ ಪಾಠ ಮಾಡಿರಬಹುದು. ಕಾನಾನ್ ದೇಶಕ್ಕೆ ಗೂಢಚಾರನಾಗಿ ಹೋದಾಗ ಅವನಿಗೆ 40. ಆಮೇಲೆ 45 ವರ್ಷ ಕಳೆಯಿತು, ಅದರಲ್ಲಿ ಬಹುಭಾಗ ಬೇರೆಯವರ ಹೆದರಿಕೆಯ ದೆಸೆಯಿಂದ ಅಡವಿ ಅಲೆದದ್ದು. 85ರಲ್ಲಿ ಯೆಹೋಶುವನ ಮುಂದೆ ನಿಂತು, ದೈತ್ಯರಂಥ ಅನಾಕ್ಯರಿದ್ದ ಆ ಬೆಟ್ಟದ ಸೀಮೆಯನ್ನೇ ನನಗೆ ಕೊಡು ಎಂದು ಕೇಳಿದ. ಅವನ ಶಕ್ತಿಯ ಬಗ್ಗೆಯೇ ನಾವು ಯಾವಾಗಲೂ ಪ್ರಸಂಗ ಮಾಡುತ್ತೇವೆ. ನನಗೆ ಈಗ ಬೇರೆ ಒಂದು ಕಾಣುತ್ತದೆ. 45 ವರ್ಷ ಸಿಟ್ಟು ಸಾಕಿಕೊಳ್ಳಲು ಅವನಿಗೆ ಎಷ್ಟು ಕಾರಣ ಇತ್ತು! ಇವರಿಂದಾಗಿ ನನ್ನ ಪ್ರಾಯವೆಲ್ಲ ಹಾಳಾಯಿತು ಎಂದು ಕೂತುಬಿಡಬಹುದಿತ್ತು. ಹಾಗೆ ಕೂತಿದ್ದರೆ ಅವನ ಬಾಯಿಗೆ ಬರುತ್ತಿದ್ದದ್ದು ದೂರು. ಬಂದದ್ದು ಬೇಡಿಕೆ.

ಆದರೆ ಎಲ್ಲರೂ ಕಾಲೇಬರಾಗಬೇಕು ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳುವ ಪ್ರಸಂಗಗಳಿಂದ ಮೊಣಕಾಲು ನೋಯುವವರಿಗೆ ಸಂಕಟವೇ ಹೆಚ್ಚು. ಗಿಲ್ಯಾದಿನ ಬರ್ಜಿಲ್ಲೈ ನನಗೆ ಅಷ್ಟೇ ಪ್ರಿಯ. ಅವನಿಗೆ 80. ದಾವೀದನು ಮಗನಿಗೆ ಹೆದರಿ ಓಡಿಬಂದಿದ್ದಾಗ ಅನ್ನ ಹಾಕಿದವನು. ನನ್ನ ಜೊತೆ ಯೆರೂಸಲೇಮಿಗೆ ಬಾ, ಅರಮನೆಯಲ್ಲಿಯೇ ಇರು ಎಂದು ಅರಸನೇ ಕರೆದರೂ ಆತ ಒಲ್ಲೆ ಎಂದ. ತಿಂದದ್ದರ ರುಚಿ ನನಗೆ ತಿಳಿಯುವುದಿಲ್ಲ, ಗಾಯಕರ ದನಿ ಕೇಳಿಸುವುದಿಲ್ಲ, ನಿನಗೆ ಯಾಕೆ ಭಾರವಾಗಲಿ ಎಂದ. ಇಷ್ಟು ನೇರವಾಗಿ ಮುಪ್ಪನ್ನು ಒಪ್ಪಿಕೊಂಡ ಮಾತು ಬೈಬಲಿನಲ್ಲಿ ಕಡಿಮೆ. ಅವನೂ ಕೇಳದೆ ಹೋಗಲಿಲ್ಲ ನೋಡಿ. ನನ್ನ ಬದಲು ಕಿಮ್ಹಾಮನನ್ನು ಕರೆದುಕೊಂಡು ಹೋಗು ಎಂದ. ತಾನು ಹೋಗಲಾಗದ ಕಡೆಗೆ ಎಳೆಯವನೊಬ್ಬನಿಗೆ ದಾರಿ ಕೇಳಿದ. ನಿಮ್ಮ ಕ್ವಾಯರಿನ ವಿಷಯಕ್ಕೆ ಬಂದಾಗ ಇವನನ್ನು ಮತ್ತೆ ಕರೆಯುತ್ತೇನೆ.

ನಮ್ಮ ಕರಾವಳಿಯದೇ ಒಂದು ಉದಾಹರಣೆ ಹೇಳುತ್ತೇನೆ. ಕನ್ನಡ ನಿಘಂಟು ಮಾಡಿದ ಪಾದ್ರಿ ಕಿಟ್ಟೆಲರ ಪಟ ಮಂಗಳೂರಿನ ಬಾಲ್ಮಠದಲ್ಲಿ ನೀವು ನೋಡಿರುತ್ತೀರಿ. 1853ರಲ್ಲಿ ಇಲ್ಲಿಗೆ ಬಂದಾಗ ಅವರಿಗೆ 21 ವರ್ಷ. ಆರೋಗ್ಯ ಕೆಟ್ಟು ಜರ್ಮನಿಗೆ ಹಿಂದೆ ಹೋದವರು ನಿಘಂಟಿನ ಕೆಲಸಕ್ಕಾಗಿ ಐವತ್ತು ದಾಟಿದ ಮೇಲೆ ಮತ್ತೆ ಬಂದರು. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ 1894ರಲ್ಲಿ ಅದು ಅಚ್ಚಾದಾಗ ಅವರಿಗೆ 62. ಸುಮಾರು 70,000 ಪದ. ಅಷ್ಟಕ್ಕೆ ಸಾಕು ಅನ್ನಲಿಲ್ಲ, ಕನ್ನಡ ವ್ಯಾಕರಣಕ್ಕೆ ಕೈಹಾಕಿದರು. ಅದು ಹೊರಬಂದದ್ದು 1903ರಲ್ಲಿ, 71ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡ ವರ್ಷವೇ. ನಿಘಂಟು ಮಾಡುವವನ ಕೆಲಸವೇ ಕೇಳುವುದು. ಈ ಮಾತಿಗೆ ನಿಮ್ಮಲ್ಲಿ ಏನು ಹೇಳುತ್ತೀರಿ, ಈ ಗಾದೆ ಯಾವಾಗ ಬಳಸುತ್ತೀರಿ ಎಂದು ಪಂಡಿತರನ್ನೂ ರೈತರನ್ನೂ ಕೇಳಿ ಕೇಳಿಯೇ ಆ ಪುಸ್ತಕ ಬೆಳೆದದ್ದು. ಪರದೇಶದ ಪಾದ್ರಿಯೊಬ್ಬರು ನಲವತ್ತು ವರ್ಷ ನಮ್ಮವರ ಮುಂದೆ ವಿದ್ಯಾರ್ಥಿಯಂತೆ ಕೂತದ್ದನ್ನು ನೆನೆದರೆ ನನಗೆ ಈಗಲೂ ಕಣ್ಣು ತುಂಬುತ್ತದೆ.

ಹಾಗಾದರೆ ಮಾತೇ ಬಾರದವಳು ಏನು ಕೇಳಲಿ, ಹೇಗೆ ಕೇಳಲಿ ಎಂದು ನೀವು ಅನ್ನುತ್ತೀರಿ. ಸಾಲದ ಮಾತು ತೆಗೆದುಕೊಳ್ಳಿ. ಸ್ವಂತ ಮಾತಿನಲ್ಲಿ, ಕಣ್ಣೀರಿನೊಂದಿಗೆ, ಉದ್ದವಾಗಿ ಪ್ರಾರ್ಥಿಸಿದರೇ ಪ್ರಾರ್ಥನೆ ಎಂದು ನಾವು ಪ್ರೊಟೆಸ್ಟೆಂಟರು ಒಂದು ತಪ್ಪು ಭಾವನೆ ಬೆಳೆಸಿಕೊಂಡಿದ್ದೇವೆ. ನಮ್ಮ ಪಕ್ಕದ ಮನೆಯ ಕಥೊಲಿಕ್ ಅಮ್ಮ ಸಂಜೆ ದೀಪ ಹಚ್ಚಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳುತ್ತಾರೆ. ಕೆಲವು ದಿನ ತೂಕಡಿಸುತ್ತಾ ಹೇಳುತ್ತಾರೆ, ಕೆಲವು ದಿನ ಅಳುತ್ತಾ. ಹೇಳುವುದು ಮಾತ್ರ ತಪ್ಪುವುದಿಲ್ಲ. ನಾನು ಆ ಪದ್ಧತಿಯವನಲ್ಲ, ಆದರೆ ಆ ನಿಷ್ಠೆಯಿಂದ ಕಲಿತಿದ್ದೇನೆ. ಬರುವ ಒಂದು ತಿಂಗಳು ನಿಮ್ಮ ಸ್ವಂತ ಮಾತನ್ನು ಹುಡುಕಬೇಡಿ. ಬೆಳಿಗ್ಗೆ ಒಂದು ಕೀರ್ತನೆ, ಗಟ್ಟಿಯಾಗಿ. ಮನಸ್ಸಿನಲ್ಲಿ ಓದಿದರೆ ಕಣ್ಣು ಜಾರಿಹೋಗುತ್ತದೆ, ಬಾಯಿಂದ ಓದಿದರೆ ಕಿವಿಯೂ ಕೇಳುತ್ತದೆ. 71ರಿಂದ ಶುರು ಮಾಡಿ, ಅದು ಮುಪ್ಪಿನವನೊಬ್ಬನ ಪ್ರಾರ್ಥನೆ. ಬಲ ಕುಂದಿದಾಗ ನನ್ನನ್ನು ತಳ್ಳಿಬಿಡಬೇಡ ಎಂದು ಕೇಳುತ್ತಾನೆ. ಅಷ್ಟೇ ಕೇಳಿ ಸುಮ್ಮನಾಗುವುದಿಲ್ಲ, ಮುಂದಿನ ತಲೆಮಾರಿಗೆ ನಿನ್ನ ಬಾಹುಬಲವನ್ನು ಸಾರುವ ತನಕ ನನ್ನ ಕೈಬಿಡಬೇಡ ಎಂದೂ ಕೇಳುತ್ತಾನೆ. ನರೆಗೂದಲಿನ ಮನುಷ್ಯ ಇನ್ನೂ ಒಂದು ಕೆಲಸದ ಲೆಕ್ಕ ಹಾಕಿಕೊಂಡಿದ್ದಾನೆ.

ರಾತ್ರಿ ಮೂರು ಗಂಟೆಯದು ಬೇರೆ. ಆಗ ದೀಪ ಹಾಕಿ ಪುಸ್ತಕ ಹಿಡಿಯಬೇಡಿ, ಇನ್ನೂ ಎಚ್ಚರವಾಗುತ್ತದೆ. ಮೊಬೈಲ್ ಅಂತೂ ಬೇಡವೇ ಬೇಡ. ನಿಮ್ಮ ಹಳೆಯ ತರಗತಿಗಳ ಹಾಜರಿ ಪುಸ್ತಕವನ್ನು ಮನಸ್ಸಿನಲ್ಲಿ ತೆರೆಯಿರಿ. 31 ವರ್ಷದ ಮಕ್ಕಳು. ಒಂದು ವರ್ಷದ ತರಗತಿ ಹಿಡಿದು, ನೆನಪಿಗೆ ಬಂದ ಹೆಸರನ್ನು ಒಂದೊಂದಾಗಿ ದೇವರ ಮುಂದೆ ಹೇಳಿ, ಮತ್ತೇನೂ ಹೇಳಬೇಡಿ. ಎಷ್ಟನೆಯ ಹೆಸರಿಗೆ ನಿದ್ರೆ ಬಂತು ಎಂದು ಬೆಳಿಗ್ಗೆ ನೆನಪಿರುವುದಿಲ್ಲ.

ಇದು ನನ್ನ ಕಲ್ಪನೆಯಲ್ಲ. ಉಡುಪಿ ಹತ್ತಿರದ ಒಂದು ಸಭೆಯಲ್ಲಿ 91 ವರ್ಷದ ದೊಡ್ಡಮ್ಮ ಒಬ್ಬರಿದ್ದರು, ಕಣ್ಣು ಪೂರ್ತಿ ಹೋಗಿತ್ತು. ಒಳಕೋಣೆಯ ಮಂಚ, ತಲೆದಿಂಬಿನ ಅಡಿಯಲ್ಲಿ ಗಂಟು ಹಾಕಿದ ಒಂದು ಬಾಳೆನಾರು. ಮಲ್ಲಿಗೆ ಕಟ್ಟಿ ಕಟ್ಟಿ ಬೆರಳಿಗೆ ನಾರು ಬೇಕೇ ಬೇಕಾಗಿತ್ತು ಅವರಿಗೆ. ಭೇಟಿಗೆ ಹೋದವರೆಲ್ಲರಿಗೂ ಅವರದು ಒಂದೇ ಪ್ರಶ್ನೆ: “ಯಾರ ಮನೆಯಲ್ಲಿ ಎಂತ ಆಗಬೇಕು?” ಪರೀಕ್ಷೆ, ಮದುವೆ, ಆಪರೇಷನ್, ವೀಸಾ, ಏನು ಹೇಳಿದರೂ ನಾರಿಗೆ ಒಂದು ಗಂಟು ಬೀಳುತ್ತಿತ್ತು. ಕೆಲಸ ಆಯಿತು ಎಂದು ಹೇಳಲು ಬಂದವರ ಮುಂದೆ ಆ ಗಂಟನ್ನು ಹುಡುಕಿ ಬಿಚ್ಚುತ್ತಿದ್ದರು. ಬೆರಳು ತಡಕುವುದು, ನಿಲ್ಲುವುದು, ಇದಲ್ಲ ಎಂದು ಮುಂದಿನದಕ್ಕೆ ಹೋಗುವುದು, ನಾನು ಎದುರಿಗೆ ಕೂತು ನೋಡಿದ್ದೇನೆ. ಕೆಲವು ಗಂಟು ಬಹಳ ಹಳತಾಗಿ ಗಟ್ಟಿಯಾಗಿದ್ದವು. ಅವನ್ನು ಮುಟ್ಟುವಾಗ ಅವರ ಮುಖ ಬದಲಾಗುತ್ತಿತ್ತು, ಹೆಸರು ಮಾತ್ರ ಹೇಳುತ್ತಿರಲಿಲ್ಲ. ಸುವಾರ್ತೆಯಲ್ಲಿ ಲೂಕನು ಬರೆದ ಅನ್ನಳನ್ನು ಓದುವಾಗೆಲ್ಲ ನನಗೆ ಈ ದೊಡ್ಡಮ್ಮನ ಕೈ ಕಾಣುತ್ತದೆ. ಮದುವೆಯಾಗಿ ಏಳೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, 84ರ ಪ್ರಾಯದಲ್ಲಿಯೂ ಹಗಲು ರಾತ್ರಿ ದೇವಾಲಯದಲ್ಲಿಯೇ ಇದ್ದವಳು ಅನ್ನಳು. ಅಷ್ಟು ವರ್ಷ ಅವಳಿಗೆ ದಿನಾಲೂ ಏನಾದರೂ ಅನ್ನಿಸುತ್ತಿತ್ತೇ? ಲೂಕನು ಅದನ್ನು ಬರೆಯುವುದಿಲ್ಲ. ಅವಳು ಅಲ್ಲಿಯೇ ಇದ್ದಳು, ಆದ್ದರಿಂದ ಮಗು ಯೇಸುವನ್ನು ತಂದ ದಿನವೂ ಅಲ್ಲಿದ್ದಳು.

ಈಗ ಕ್ವಾಯರ್. ಇದು ನಿಮಗೆ ತುಂಬಾ ನೋಯಿಸಿದೆ ಎಂದು ಪತ್ರದಲ್ಲಿ ತಿಳಿಯುತ್ತದೆ, ನೋಯಬೇಕಾದದ್ದೇ. 40 ವರ್ಷ ನಿಂತ ಜಾಗದಿಂದ ಇಳಿಯುವುದು ಸಣ್ಣ ಮಾತಲ್ಲ. ಮೊದಲು ನಿಮ್ಮ ಪಕ್ಷದಲ್ಲಿ ಮಾತಾಡುತ್ತೇನೆ. ಆರಾಮಾಗಿ ಕೂತುಕೊಳ್ಳಿ ಎಂಬ ಮಾತು ಮರ್ಯಾದೆಯ ಮಾತೇ, ಆದರೆ ಹಿರಿಯರನ್ನು ಮುಂದಿನ ಬೆಂಚಿನ ಅಲಂಕಾರ ಮಾಡಿ ಕೂರಿಸುವುದು ಅದೇ ಮಾತಿನಿಂದ. ಸಭಾಪಾಲಕರು, ಕಮಿಟಿಯವರು ಇದನ್ನು ಓದುತ್ತಿದ್ದರೆ ನನ್ನ ಕೋರಿಕೆ: ಹಿರಿಯರ ಭಾನುವಾರ ಎಂದು ವರ್ಷಕ್ಕೊಮ್ಮೆ ಶಾಲು ಹೊದೆಸಿ ಹಣ್ಣು ಕೊಟ್ಟರೆ ಸಾಲದು. ಅವರಿಗೆ ಒಂದು ಕೆಲಸ ಕೊಡಿ, ಹೊಣೆಯಿರುವ ಕೆಲಸ.

ಇನ್ನು ನಿಮಗೆ. ಹಳೆಯ ಸಂಗೀತಗಳೇ ಭಕ್ತಿಯುಳ್ಳವು, ಹೊಸದರಲ್ಲಿ ಗದ್ದಲ ಎಂದು ನನಗೂ ಎಷ್ಟೋ ಸಲ ಅನ್ನಿಸಿದೆ. ಆದರೆ ಆ ಹಳೆಯದು ಎಲ್ಲಿಂದ ಬಂತು ಹೇಳಿ. 1834ರ ಅಕ್ಟೋಬರಿನಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಗಳಾದ ಹೆಬಿಕ್, ಲೆಹ್ನರ್, ಗ್ರೈನರ್ ಮೂವರು ಮಂಗಳೂರಿನಲ್ಲಿ ಇಳಿದ ಮೇಲೆ ಜರ್ಮನ್ ದೇಶದ ರಾಗಗಳು ನಮ್ಮ ಕನ್ನಡ, ತುಳು ಬಾಯಿಗೆ ಬಂದವು. ತುಳುವಿನ ಜನಪದ ಹಾಡು ಪಾಡ್ದನ ಕೇಳಿ ಬೆಳೆದ ಕಿವಿಗೆ ಆ ನಾಲ್ಕು ದನಿಯ ಹಾಡು ಎಷ್ಟು ವಿಚಿತ್ರವಾಗಿ ಕೇಳಿಸಿರಬೇಕು! ನಮ್ಮ ಅಜ್ಜಿಯ ಅಜ್ಜಿ ಇದೆಂಥ ರಾಗ ಎಂದು ಮೂಗಿನ ಮೇಲೆ ಬೆರಳಿಟ್ಟಿರಲೂಬಹುದು. ಕಿಟ್ಟೆಲರಿಗೂ ಈ ಯೋಚನೆ ಬಂದಿರಬೇಕು. ಯೇಸುವಿನ ಚರಿತ್ರೆಯನ್ನು ಅವರು 1862ರ ‘ಕಥಾಮಾಲೆ’ಯಲ್ಲಿ ನಮ್ಮದೇ ಪದ್ಯದ ಧಾಟಿಯಲ್ಲಿ ಬರೆದರು. ಹಿಂದಿನ ದಿನಗಳು ಇಂದಿನವುಗಳಿಗಿಂತ ಮೇಲಾಗಿದ್ದವು ಏಕೆ ಎಂದು ಕೇಳಬೇಡ, ಅದು ಬುದ್ಧಿಯ ಪ್ರಶ್ನೆಯಲ್ಲ ಎಂದು ಬೈಬಲಿನ ಪ್ರಸಂಗಿಯೂ ಹೇಳುತ್ತಾನೆ. ಎಲ್ಲ ಪ್ರಶ್ನೆಯೂ ಮನಸ್ಸನ್ನು ಎಳೆಯದಾಗಿ ಇಡುವುದಿಲ್ಲ. ಇದೊಂದು ಪ್ರಶ್ನೆ ಮನಸ್ಸನ್ನು ಒಣಗಿಸುತ್ತದೆ.

ಗಂಟಲಿನ ಮಾತು ಹೇಳುವುದಾದರೆ, ಹೆಂಗಸರ ದನಿ ಪ್ರಾಯದೊಂದಿಗೆ ಸ್ವಲ್ಪ ತಗ್ಗುತ್ತದೆ. ಹಾಡನ್ನು ಒಂದು ಸ್ವರ ಕೆಳಗೆ ಎತ್ತಿದರೆ ಒಡೆಯುತ್ತಿದ್ದ ದನಿ ಎಷ್ಟೋ ಸಲ ಸರಿಹೋಗುತ್ತದೆ. ಆದರೆ ನಿಮಗೆ ನಾನು ಹೇಳಬೇಕೆಂದಿರುವುದು ಬರ್ಜಿಲ್ಲೈ ಮಾಡಿದ್ದನ್ನು. ನಮ್ಮ ಬಹಳ ಮನೆಗಳಲ್ಲಿರುವ ಸಂಗೀತ ಪುಸ್ತಕದಲ್ಲಿ ಸಾಹಿತ್ಯ ಮಾತ್ರ ಇದೆ, ಆಲ್ಟೊ ಇರುವುದು ನಿಮ್ಮಂಥ ಕೆಲವರ ಬಾಯಲ್ಲಿ. ನೀವು ಸುಮ್ಮನಾದರೆ ಅದೂ ನಿಮ್ಮ ಜೊತೆ ಮಣ್ಣಿಗೆ ಹೋಗುತ್ತದೆ. ಆ ಗಿಟಾರಿನ ಹುಡುಗಿಯರಲ್ಲಿ ಒಬ್ಬಳನ್ನು ಮನೆಗೆ ಕರೆಯಿರಿ. ಕರೆದು ಪಾಠ ಶುರು ಮಾಡಬೇಡಿ, ಅದು ಟೀಚರರ ಅಭ್ಯಾಸ. ಮೊದಲು ಅವಳ ಒಂದು ಹಾಡು ನಿಮಗೆ ಕಲಿಸಿಕೊಡಲು ಹೇಳಿ. ಸಾಲು ತಪ್ಪಿದರೆ ತಪ್ಪಲಿ, ಅವಳು ತಿದ್ದಲಿ. ಚಾಕ್ಕೆ ನೀರುದೋಸೆ ಮಾಡಿ. ಎರಡನೆಯ ಸಲ ಬಂದಾಗ ಅವಳ ಹಾಡಿಗೇ ಒಂದು ಆಲ್ಟೊ ಕೂಡಿಸಿ ತೋರಿಸಿ. ಮುಂದಿನದ್ದು ಅವಳೇ ಕೇಳುತ್ತಾಳೆ.

ವಿಶ್ವಾಸದಲ್ಲಿ ಕಡೆತನಕ ನಿಲ್ಲುವ ಬಗ್ಗೆ ಎರಡು ಎಚ್ಚರಿಕೆ ಹೇಳದಿದ್ದರೆ ನನ್ನ ಕೆಲಸ ಅರ್ಧವಾಗುತ್ತದೆ. ಸೊಲೊಮೋನನ ಹೃದಯ ತಿರುಗಿದ್ದು ಮುಪ್ಪಿನಲ್ಲಿ. ಯೌವನದಲ್ಲಿ ಜ್ಞಾನ ಬೇಡಿದವನು ಕೊನೆಗೆ ಏನನ್ನೂ ಬೇಡದ ಸ್ಥಿತಿಗೆ ಬಂದಿದ್ದ. ಮುದುಕರಿಗೆ ಇನ್ನೇನು ಶೋಧನೆ, ಏನು ಆಮಿಷ ಎಂದು ತಿಳಿಯಬಾರದು, ನಮ್ಮ ಕಾಲದ ಶೋಧನೆಗಳು ಮೊಬೈಲಿನಲ್ಲಿಯೇ ಬರುತ್ತವೆ. ನಿದ್ರೆ ಬಾರದ ರಾತ್ರಿ ಯಾರೋ ಗುರುತಿಲ್ಲದ ಬೋಧಕರ ವೀಡಿಯೋ ನೋಡಿ, ಆಶೀರ್ವಾದ ಬರಬೇಕಾದರೆ ಇಷ್ಟು ಕಾಣಿಕೆ ಕಳುಹಿಸಿ ಎಂಬ ಮಾತಿಗೆ ಪೆನ್ಶನ್ ಹಣ ಕಳುಹಿಸಿದವರನ್ನು ನಾನು ಬಲ್ಲೆ. ಒಂಟಿಯಾಗಿರುವ ವಿಧವೆಯರೇ ಹೆಚ್ಚು. ದಶಮಾಂಶ ನಿಮ್ಮ ಸಭೆಗೆ ಕೊಡಿ, ಕಷ್ಟದಲ್ಲಿರುವ ನೆರೆಯವರಿಗೆ ಕೊಡಿ. ಹಣ ಕಳುಹಿಸದಿದ್ದರೆ ಶಾಪ ಬರುತ್ತದೆ ಎಂದು ಹೆದರಿಸುವವನು ಕ್ರಿಸ್ತನ ಕಡೆಯವನಲ್ಲ.

ಇನ್ನೊಂದು ಎಚ್ಚರಿಕೆ, ಜಾಗದ ವಿಷಯ. ನಮ್ಮ ಊರಿನಲ್ಲಿ ಐದು ಸೆಂಟ್ಸ್ ಜಾಗಕ್ಕೂ ಒಡಹುಟ್ಟಿದವರು ಮಾತು ಬಿಡುತ್ತಾರೆ. ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತು ಕರ್ತನ ಭೋಜನಕ್ಕೆ ಬರುವವರನ್ನು ಕಂಡಿದ್ದೇನೆ. ಉಯಿಲು ಬರೆದಿಡಿ, ಅದೂ ಒಂದು ಪ್ರೀತಿಯ ಕೆಲಸ. ಅದಕ್ಕೆ ಛಾಪಾ ಕಾಗದ ಬೇಕಿಲ್ಲ. ಇಬ್ಬರು ಸಾಕ್ಷಿಗಳ ಎದುರಿಗೆ ಸಹಿ ಹಾಕಿ, ಅವರ ಸಹಿಯೂ ಇರಬೇಕು. ಪಾಲು ಪಡೆಯುವವರನ್ನೇ ಸಾಕ್ಷಿ ಮಾಡಬಾರದು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಬರೆದ ಮೇಲೆ ಮಗನಿಗೂ ಮಗಳಿಗೂ ಒಟ್ಟಿಗೇ ಹೇಳಿ.

ಮತ್ತೊಂದು ಕೇಳುವುದಿದೆ, ಅದು ನಿಮ್ಮಂಥವರಿಗೆ ಬಹಳ ಕಷ್ಟದ್ದು: ಸಹಾಯ ಕೇಳುವುದು. ನಾನು ಯಾರಿಗೂ ಭಾರವಾಗಬಾರದು ಎಂಬ ಪ್ರಾರ್ಥನೆಯನ್ನು ನಮ್ಮ ಹಿರಿಯರ ಬಾಯಲ್ಲಿ ಕೇಳಿದಷ್ಟು ಬೇರೆ ಯಾವುದನ್ನೂ ನಾನು ಕೇಳಿಲ್ಲ. ಅದರಲ್ಲಿ ಸಂಕೋಚವೂ ಇದೆ, ಸ್ವಲ್ಪ ಹೆಮ್ಮೆಯೂ ಇದೆ. ಪೌಲನು ತಿಮೊಥೆಗೆ ಬರೆದ ಎರಡನೆಯ ಪತ್ರದ ಕೊನೆಯ ಅಧ್ಯಾಯ ತೆಗೆಯಿರಿ. ನನ್ನ ಓಟವನ್ನು ಮುಗಿಸಿದ್ದೇನೆ ಎನ್ನುವ ಆ ಪ್ರಸಿದ್ಧ ಮಾತನ್ನು ನಾವು ಪ್ರತಿಯೊಂದು ಅಂತ್ಯಕ್ರಿಯೆಯಲ್ಲಿ ಓದುತ್ತೇವೆ, ಓದಿ ಅಲ್ಲಿಗೇ ನಿಲ್ಲಿಸುತ್ತೇವೆ. ಆರು ವಚನ ಕೆಳಗೆ ಅದೇ ಪೌಲನು, ತ್ರೋವದಲ್ಲಿ ಕರ್ಪನ ಮನೆಯಲ್ಲಿ ಬಿಟ್ಟುಬಂದ ಮೇಲಂಗಿಯನ್ನು ತೆಗೆದುಕೊಂಡು ಬಾ, ಪುಸ್ತಕಗಳನ್ನೂ ತಾ, ಮುಖ್ಯವಾಗಿ ಚರ್ಮದ ಕಾಗದಗಳನ್ನು ತಾ ಎಂದು ಕೇಳುತ್ತಾನೆ. ಚಳಿಗಾಲಕ್ಕೆ ಮುಂಚೆ ಬರಲು ಪ್ರಯತ್ನ ಮಾಡು ಎಂದೂ ಬರೆಯುತ್ತಾನೆ. ಓಟ ಮುಗಿಸಿದವನಿಗೆ ಚಳಿಯಾಗುತ್ತದೆ. ಓದಲು ಪುಸ್ತಕ ಬೇಕು, ಜೊತೆಗೆ ಮನುಷ್ಯರು ಬೇಕು, ಅದನ್ನು ಬಾಯಿಬಿಟ್ಟು ಹೇಳುತ್ತಾನೆ.

ಆದ್ದರಿಂದ ಮಗನಿಗೆ ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಎಂದು ಮಾತ್ರ ಹೇಳಿ ಇಡಬೇಡಿ. ಆದಿತ್ಯವಾರ ರಾತ್ರಿ ವೀಡಿಯೋ ಕಾಲಿನಲ್ಲಿ ಹತ್ತು ನಿಮಿಷ ಕುಟುಂಬ ಪ್ರಾರ್ಥನೆ ಇಡೋಣ, ನೀನು ಓದು, ನಾನು ಹಾಡುತ್ತೇನೆ ಎಂದು ಕೇಳಿ. ಮೊಮ್ಮಕ್ಕಳಿಗೆ ಕನ್ನಡ ಓದಲು ಬಾರದಿದ್ದರೆ ಆಮೆನ್ ಹೇಳಲಿ, ಅದು ಎಲ್ಲ ಭಾಷೆಯಲ್ಲಿಯೂ ಒಂದೇ. ಮಳೆಗಾಲದಲ್ಲಿ ದೇವಾಲಯದ ಮೆಟ್ಟಿಲು ಜಾರುತ್ತದೆ, ಕೈ ಹಿಡಿಯಲು ಯಾರನ್ನಾದರೂ ಕೇಳಿ. ಹೋಗಲಾಗದ ದಿನ ಬಂದರೆ ಕರ್ತನ ಭೋಜನವನ್ನು ಮನೆಗೆ ತರಲು ಸಭಾಪಾಲಕರಿಗೆ ಹೇಳಿ ಕಳುಹಿಸಿ. ನಾನು ಇಷ್ಟು ವರ್ಷ ಆ ಬಟ್ಟಲನ್ನು ಮನೆಮನೆಗೆ ಹೊತ್ತಿದ್ದೇನೆ. ಕರೆದರಲ್ಲ ಎಂದು ಬೇಸರಪಟ್ಟ ಒಂದು ದಿನವೂ ಇಲ್ಲ. ಕರೆಯದೆ ಇದ್ದವರ ಮನೆಯ ಮುಂದೆ ಹಾದುಹೋದ ದಿನಗಳು ಮಾತ್ರ ನನ್ನ ಮನಸ್ಸಿನಲ್ಲಿ ಇನ್ನೂ ಇವೆ.

ಕೊನೆಗೆ ಹಾರ್ಮೋನಿಯಂ. ಈಗಲೇ ಕೊಡಬೇಡಿ. ನಮ್ಮ ಕರಾವಳಿಯ ತೇವಕ್ಕೆ ಎರಡು ವರ್ಷ ಮುಚ್ಚಿಟ್ಟ ಪೆಟ್ಟಿಗೆಯ ಮರ ಉಬ್ಬಿರುತ್ತದೆ, ಕೆಲವು ಸ್ವರದ ಮನೆ ಒತ್ತಿದರೆ ಮೇಲೆ ಬರುವುದಿಲ್ಲ, ಇಲ್ಲವೇ ಒತ್ತದೆಯೇ ಒಂದು ಸ್ವರ ಕೂಗುತ್ತದೆ. ಹೆದರಬೇಡಿ. ಬಿಸಿಲಿಗೆ ಇಡಬೇಡಿ, ಮರ ಬಿರಿಯುತ್ತದೆ. ಚಾವಡಿಯಲ್ಲಿ ಗಾಳಿಯಾಡುವ ಕಡೆ ಮುಚ್ಚಳ ತೆಗೆದು ಎರಡು ದಿನ ಬಿಡಿ. ಒಣ ಬಟ್ಟೆಯಿಂದ ಒರೆಸಿ. ಇಲಿ, ಜಿರಳೆ ತಿದಿಯ ಬಟ್ಟೆಯನ್ನು ಕಡಿದಿದೆಯೋ ಎಂದು ಹಿಂದಿನಿಂದ ಟಾರ್ಚ್ ಹಾಕಿ ನೋಡಿ. ಆಮೇಲೆ ತಿದಿಯನ್ನು ನಿಧಾನವಾಗಿ ಎಳೆಯಿರಿ, ಮೊದಲ ಸಲಕ್ಕೆ ಧೂಳಿನ ವಾಸನೆ ಬರುತ್ತದೆ. ಬಹುಶಃ ಅವರ ನಶ್ಯದ್ದೋ ಎಣ್ಣೆಯದ್ದೋ ವಾಸನೆಯೂ ಬಂದೀತು, ಅಳು ಬಂದರೆ ಅತ್ತುಬಿಡಿ. ಸರಿಯಾಗದ ಸ್ವರ ಯಾವುದೆಂದು ಗುರುತು ಮಾಡಿಟ್ಟುಕೊಂಡು ರಿಪೇರಿಯವರಿಗೆ ಹೇಳಿ ಕಳುಹಿಸಿ. ಅಷ್ಟರಲ್ಲಿ ಗಿಟಾರಿನ ಹುಡುಗಿ ಬಂದರೆ ಉಳಿದ ಸ್ವರಗಳಲ್ಲಿ ಹಾಡಬಹುದು.